ಹೊಳೆ ದಾಟುವವರೆಗೆ ಕಸ ಹೊಡೆಯದವಳು

ಸರಕಾರಿ ಬಂಗಲೆಗಳ ಉಸ್ತುವಾರಿ ಹೊತ್ತ ದೊಡ್ಡ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಚೇರಿಯಿಂದ ಸಪ್ಟಂಬರ್ ಎರಡನೆಯ ತಾರೀಖಿಗೆ ಹೊರಟ ಹುಕುಮಿನಂತೆ, ಬಬಲೇಶ್ವರ ರಸ್ತೆಯ ಬದಿಯ ಒಂದು ಬಂಗಲೆಯಲ್ಲಿ ಹತ್ತೊಂಬತ್ತು ವರ್ಷ ಕಸ ಗುಡಿಸಿದ ತಿಪ್ಪವ್ವ ಎಂಬ ಹೆಂಗಸನ್ನು ಕೆಲಸದಿಂದ ತೆಗೆಯಲಾಗಿದೆ. ಇದೇ ತಿಂಗಳ ಮೂವತ್ತರೊಳಗೆ ಆಕೆ ಬಂಗಲೆಯ ಹಿಂದಿನ ತನ್ನ ಖೋಲಿಯನ್ನೂ ಬಿಡಬೇಕು. ಆಕೆಯ ಅಪರಾಧವೇನೆಂದರೆ, ಅತಿಥಿಗಳು ಹೋದ ಮೇಲೆ ಒಂದೂಮುಕ್ಕಾಲು ತಾಸು ಕೋಣೆಯ ಕಸ ಹೊಡೆಯದೆ, ಕಸಬರಿಗೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತದ್ದು. ಆ ಹುಕುಮು ತಪ್ಪು. ತಪ್ಪೆಂದು ಹೇಳಬೇಕಾದವನು ನಾನೇ, ಏಕೆಂದರೆ ಅದೇ ಬಂಗಲೆಯಲ್ಲಿ ಅಡಿಗೆ ಮಾಡುವ ಖಾನಸಾಮಾ ನಾನು, ಮತ್ತು ಆ ಹುಕುಮಿನಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಮುಂದೆ ಹೇಳುತ್ತೇನೆ. ಸರಕಾರಿ ನೌಕರ ಪತ್ರಿಕೆಗೆ ಬರೆಯಬಾರದೆಂಬ ನಿಯಮ ನನಗೆ ಗೊತ್ತಿದೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ನಿಯಮ ಓದಲು ಬರುತ್ತದೆ.

ಬರೆಯುವ ಮೊದಲು ಮೂರು ಅರ್ಜಿ ಕಳಿಸಿದೆ. ಮೊದಲನೆಯದು 'ಯೋಗ್ಯ ಮಾರ್ಗದಿಂದ ಬರಲಿ' ಎಂಬ ಶರಾ ಹೊತ್ತು ಮರಳಿ ಬಂತು. ಎರಡನೆಯದನ್ನು ಯೋಗ್ಯ ಮಾರ್ಗದಿಂದಲೇ ಒಯ್ದೆ. ಯೋಗ್ಯ ಮಾರ್ಗದ ಮೊದಲ ಮೇಜಿನಲ್ಲಿ ಕುಳಿತವರು ಆ ಹುಕುಮನ್ನು ಟೈಪು ಮಾಡಿದ ಕಾರಕೂನರೇ ಆಗಿದ್ದರು. ಅವರು ಓದಿ, "ಫಕ್ರುಸಾಬ್ರ, ಯಾಕ ಸುಮ್ನ ಮೈಮ್ಯಾಲ ಹಾಕ್ಕೊಳ್ತೀರಿ? ಕಸಾ ಹೊಡ್ಯಾಕ ಇನ್ನೊಬ್ಬಾಕಿ ಸಿಗ್ತಾಳ ಬಿಡ್ರಿ" ಎಂದು ಬಹಳ ಅಕ್ಕರೆಯಿಂದ ಹೇಳಿ, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೇ ಇಟ್ಟರು. ಮೂರನೆಯದನ್ನು ತಮ್ಮ ಹುದ್ದೆಯ ಹೆಸರಿಗೆ ರಿಜಿಸ್ಟರ್ ಟಪಾಲಿನಲ್ಲಿ ಹಾಕಿದೆ. ಮುಟ್ಟಿದ್ದಕ್ಕೆ ಸಹಿ ಬಂದಿದೆ, ಉತ್ತರ ಬಂದಿಲ್ಲ. ಸಹಿ ಮಾಡಲು ಸಿಕ್ಕ ಪುರುಸೊತ್ತು ಓದಲು ಸಿಕ್ಕಿರಲಿಕ್ಕಿಲ್ಲ. ಅದಕ್ಕಾಗಿ ಈ ನಾಲ್ಕನೆಯದನ್ನು ಊರೆಲ್ಲ ಓದುವ ಜಾಗದಲ್ಲಿ ಇಡುತ್ತಿದ್ದೇನೆ. ಯಾರಾದರೂ ಓದಿ ತಮಗೆ ಹೇಳಿಯಾರು.

ತಿಪ್ಪವ್ವನನ್ನು ಕೆಲಸಕ್ಕೆ ತೆಗೆದುಕೊಂಡ ನೇಮಣೂಕಿನ ಕಾಗದವನ್ನು ನಾನು ನೋಡಿದ್ದೇನೆ. ಅದು ಮುಂಬಯಿ ಸರಕಾರದ ಕಾಲದ್ದು. ಅದರಲ್ಲಿ ಆಕೆಯ ಕೆಲಸಕ್ಕೆ 'ಹಗುರ ಕೆಲಸ' ಎಂದು ಹೆಸರಿದೆ. ಮೈಸೂರು ರಾಜ್ಯ ಬಂದ ಮೇಲೂ ಆ ಹೆಸರು ಬದಲಾಗಲಿಲ್ಲ. ಶಹಾಬಾದಿ ಕಲ್ಲಿನ ಫರಸಿ ಹಾಸಿದ ಮೂರು ಕೋಣೆ, ಸುತ್ತಲೂ ಪಡಸಾಲೆ. ಕಸ ಹೊಡೆದು, ಫಿನಾಯಿಲ್ ಹಾಕಿ ಒರಸಿ, ಹಾಸಿಗೆ ಕೊಡವಿ, ಹರಿದ ಸೊಳ್ಳೆ ಪರದೆಗೆ ತೇಪೆ ಹಚ್ಚಿ, ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ, ಬಾವಿಯಿಂದ ಹೊತ್ತು ತಂದ ನೀರನ್ನು ಹಂಡೆಗೆ ತುಂಬಿ, ದೊಡ್ಡ ದೊಡ್ಡ ಹುದ್ದೆಯವರು ಗೋಡೆಯ ಮೂಲೆಗೆ ಉಗುಳಿದ ತಾಂಬೂಲವನ್ನು ಮೊಣಕಾಲೂರಿ ಉಜ್ಜಿ ತೆಗೆಯುವುದು ಆಕೆಯ ಹಗುರ ಕೆಲಸ. ಆಕೆಯ ಬಲಗೈಯ ಎರಡು ಬೆರಳು ಈಗ ಪೂರ್ತಿ ಚಾಚುವುದಿಲ್ಲ. ಹಾಗಾದರೆ ಭಾರದ ಕೆಲಸ ಯಾವುದೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಬಂದ ಅಧಿಕಾರಿಗಳು ಬಂಗಲೆಯ ಪುಸ್ತಕದಲ್ಲಿ ಶರಾ ಬರೆಯುವುದು ಇರಬೇಕು.

ಇನ್ನು ಅಪರಾಧದ ವಿಷಯ. ನಮ್ಮ ಕಡೆ ಯಾರಾದರೂ ಮನೆಯಿಂದ ಪ್ರಯಾಣಕ್ಕೆ ಹೊರಟರೆ, ಅವರು ಹೋದ ಬೆನ್ನಿಗೇ ಕಸಬರಿಗೆ ಹಿಡಿಯುವುದಿಲ್ಲ. ಕಾಖಂಡಕಿಯಲ್ಲಿ ತಿಪ್ಪವ್ವನ ತಾಯಿ ಹಿಡಿಯುತ್ತಿರಲಿಲ್ಲ. ಇಬ್ರಾಹಿಂಪುರದಲ್ಲಿ ನನ್ನ ತಾಯಿ ಚಾಂದಬಿಯೂ ಹಿಡಿಯುತ್ತಿರಲಿಲ್ಲ. ನನ್ನ ತಂದೆ ರೈಲು ಹತ್ತಲು ಹೋದರೆ, ರೈಲಿನ ಸೀಟಿ ಕೇಳಿದ ಮೇಲೆಯೇ ಆಕೆ ಅಂಗಳಕ್ಕೆ ಇಳಿಯುತ್ತಿದ್ದಳು. ಹೋದವರು ಊರು ಮುಟ್ಟಲಿ, ಅಷ್ಟಲ್ಲದಿದ್ದರೆ ಹೊಳೆಯನ್ನಾದರೂ ದಾಟಲಿ, ಆಮೇಲೆ ಕಸ. ಬೆನ್ನಿಗೇ ಕಸ ಹೊಡೆದು ನೀರು ಹಾಕುವುದು ಒಂದೇ ಪ್ರಸಂಗದಲ್ಲಿ, ಮನೆಯಿಂದ ಹೆಣ ಎತ್ತಿದಾಗ. ಇದು ತಮಗೆ ಗೊತ್ತಿರಲಿಕ್ಕಿಲ್ಲ. ತಮ್ಮ ಮನೆಯಲ್ಲಿಯೂ ಇದೇ ಪದ್ಧತಿ ಇರಬಹುದು, ಆದರೆ ತಾವು ಹೊರಟ ಮೇಲೆ ಮನೆಯವರು ಏನು ಮಾಡುತ್ತಾರೆಂದು ನೋಡಲು ತಾವು ಅಲ್ಲಿರುವುದಿಲ್ಲವಲ್ಲ.

ಬಂಗಲೆಯೇನು ಮನೆಯೇ ಎಂದು ತಾವು ಕೇಳಬಹುದು. ಹೊಸದಾಗಿ ಬಂದಾಗ ನಾನೂ ಕೇಳಿದ್ದೆ. "ಯಕ್ಕಾ, ಇವ್ರೇನ ನಮ್ಮ ಬೀಗರ? ಸರಕಾರದ ಮಂದಿ. ಬರ್ತಾರ, ಹೋಗ್ತಾರ" ಎಂದೆ. ಆಕೆ ಕಸಬರಿಗೆಯನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತಲೇ ಹೇಳಿದಳು: "ಸರಕಾರದ ಮಂದಿಗೆ ಹಡದಾಕಿ ಇರಂಗಿಲ್ಲೇನ ತಮ್ಮಾ? ಆಕಿ ಇಲ್ಲಿ ಇಲ್ಲ. ನಾ ಅದೀನಿ." ಅಂದಿನಿಂದ ನಾನು ಆ ಮಾತು ಎತ್ತಲಿಲ್ಲ. ಎತ್ತಲಿಲ್ಲ ಅಷ್ಟೇ ಅಲ್ಲ, ಕೆಲವು ವರ್ಷಗಳಲ್ಲಿ ನಾನೂ ಆಕೆಯ ಸಂಗಡ ರಸ್ತೆ ನೋಡತೊಡಗಿದೆ.

ನಮ್ಮ ಬಂಗಲೆಯಿಂದ ವಿಜಾಪುರಕ್ಕೆ ಹೋಗುವವರು ಸಾರವಾಡದ ಹತ್ತಿರ ಡೋಣಿ ಹೊಳೆ ದಾಟಬೇಕು. ಬೇಸಿಗೆಯಲ್ಲಿ ಡೋಣಿ ಇದೆಯೋ ಇಲ್ಲವೋ ಎಂದು ಹುಡುಕಬೇಕು, ಮಳೆಗಾಲದಲ್ಲಿ ಅದು ಯಾರ ಮಾತೂ ಕೇಳುವುದಿಲ್ಲ. ಅದಕ್ಕಾಗಿ ತಿಪ್ಪವ್ವ ವಿಜಾಪುರದಿಂದ ಎದುರು ಬರುವ ಬಸ್ಸಿನ ಕಂಡಕ್ಟರ್ ಗೊಲ್ಲಾಳಪ್ಪನ ಸಂಗಡ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಬಸ್ಸು ಬಂಗಲೆಯ ಮುಂದೆ ನಿಲ್ಲುವುದಿಲ್ಲ, ಸ್ವಲ್ಪ ಮೆಲ್ಲಗಾಗುತ್ತದೆ. ಆತ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ದಾಟ್ಯಾರ ಬೇ ಯವ್ವಾ, ಕಸಾ ಹೊಡಿ ಇನ್ನ" ಎಂದು ಹೇಳಿ ಹೋಗುತ್ತಿದ್ದ. ಆಕೆ ಎದ್ದು ಒಳಗೆ ಹೋದಳೆಂದರೆ ಅರ್ಧ ತಾಸಿನಲ್ಲಿ ಫರಸಿಯಲ್ಲಿ ಮುಖ ಕಾಣುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಅತಿಥಿಯೂ ಕೋಣೆ ಹೊಲಸಾಗಿದೆ ಎಂದದ್ದಿಲ್ಲ, ಏಕೆಂದರೆ ಒಬ್ಬರು ಹೋದ ತಾಸೆರಡು ತಾಸಿನಲ್ಲಿ ಇನ್ನೊಬ್ಬರು ಮುನ್ಸೂಚನೆ ಇಲ್ಲದೆ ಬಂದ ದಾಖಲೆಯೇ ಇಲ್ಲ. ತಾವು ಬರುವವರೆಗೆ ಇರಲಿಲ್ಲ.

ಆಕೆ ಮೈಗಳ್ಳಿ ಎಂದು ತಾವು ಬರೆದಿದ್ದೀರಿ. ಹಾಗಿದ್ದರೆ ಐವತ್ತೆಂಟನೆಯ ಇಸವಿಯ ಒಂದು ಮಾತು ಕೇಳಿ. ಜಮೀನು ಅಳೆಯಲು ಬಂದ ಮೋಜಣಿದಾರನೊಬ್ಬ ಎರಡನೆಯ ಕೋಣೆಯಲ್ಲಿ ಜ್ವರದಿಂದ ಮಲಗಿ ಮೂರನೆಯ ದಿನ ತೀರಿಕೊಂಡ. ಮದುವೆಯಾಗದ ಹುಡುಗ, ದೂರದ ಊರಿನವನು. ಹೆಣವನ್ನು ಗಾಡಿಯಲ್ಲಿ ಹಾಕಿ ಕಳಿಸಿದೆವು. ಗಾಡಿ ಗೇಟು ದಾಟುವ ಮೊದಲೇ ತಿಪ್ಪವ್ವ ಕಸಬರಿಗೆ ಹಿಡಿದು ಆ ಕೋಣೆಗೆ ಹೋದಳು. ಯಾರೂ ಹೇಳಿರಲಿಲ್ಲ. ನಾನು ತಡೆದೆ, "ಒಂದೀಟು ಕೂಡ್ರ ಯಕ್ಕಾ, ಮೂರ ರಾತ್ರಿ ಮಲಗಿಲ್ಲ ನೀ" ಎಂದೆ. "ಈ ಕಸಾ ತಡಾ ಮಾಡಬಾರದು ತಮ್ಮಾ" ಎಂದು ಆಕೆ ಅಳುತ್ತಲೇ ಗುಡಿಸಿದಳು, ಅಳುತ್ತಲೇ ಹನ್ನೊಂದು ಕೊಡ ನೀರು ಹಾಕಿ ತೊಳೆದಳು. ಆ ಹುಡುಗನ ತಾಯಿ ಮಾಡಬೇಕಾದದ್ದನ್ನು ಅಂದು ಮಾಡಿದವಳು ಹಗುರ ಕೆಲಸದವಳು. ಆಕೆಗೆ ಬೇಗ ಕಸ ಹೊಡೆಯಲು ಬರುತ್ತದೆ, ಸಾಹೇಬರೇ. ಯಾವಾಗ ಬೇಗ ಹೊಡೆಯಬೇಕೆಂಬುದೂ ಗೊತ್ತಿದೆ.

ಈಗ ಅಗಸ್ಟ್ ಹದಿನೆಂಟರ ಮಂಗಳವಾರ. ಒಬ್ಬ ಚಿಕ್ಕ ಎಂಜಿನಿಯರರು, ಅವರ ಹೆಂಡತಿ, ಆರು ತಿಂಗಳ ಕೂಸು ಎರಡು ದಿನ ಇದ್ದು, ಮುಂಜಾನೆ ಏಳೂವರೆಗೆ ಜೀಪಿನಲ್ಲಿ ವಿಜಾಪುರಕ್ಕೆ ಹೊರಟರು. ಹಿಂದಿನ ದಿನವಿಡೀ ಮೇಲಿನ ಸೀಮೆಯಲ್ಲಿ ಮಳೆ. ಡೋಣಿ ಏರುತ್ತಿದೆ ಎಂದು ಹಾಲು ತಂದವರು ಹೇಳಿದ್ದರು. ಜೀಪು ಹೋದ ಮೇಲೆ ತಿಪ್ಪವ್ವ ಮೆಟ್ಟಿಲ ಮೇಲೆ ಕುಳಿತಳು. ಎಂಟೂವರೆಗೆ ಬರಬೇಕಾದ ಬಸ್ಸು ಬರಲಿಲ್ಲ. ಒಂಬತ್ತಾಯಿತು, ಬರಲಿಲ್ಲ. ಒಂಬತ್ತೂಕಾಲಿಗೆ ತಮ್ಮ ಮೋಟಾರು ಬಂತು. ತಾವು ತಿಕೋಟಾ ಕಡೆಯಿಂದ ಅಡ್ಡ ಹಾದಿಯಲ್ಲಿ ಬಂದಿರಿ, ಆದುದರಿಂದ ಹೊಳೆಯ ಚಿಂತೆ ತಮಗಿರಲಿಲ್ಲ. ನೆಟ್ಟಗೆ ಒಳಗೆ ಹೋದಿರಿ. ಕದಡಿದ ಹಾಸಿಗೆ, ಕೂಸಿನ ಒದ್ದೆ ಬಟ್ಟೆ, ಬಾಳೆಹಣ್ಣಿನ ಸಿಪ್ಪೆ, ನೆಲದ ತುಂಬ ಶೇಂಗಾ ಹೊಟ್ಟು. ತಮಗೆ ಸಿಟ್ಟು ಬಂದದ್ದು ತಪ್ಪಲ್ಲ. ನನ್ನ ಮನೆಯಾದರೆ ನನಗೂ ಬರುತ್ತಿತ್ತು.

"ಯಾಕೆ ಗುಡಿಸಿಲ್ಲ?" ಎಂದು ಕೇಳಿದಿರಿ.

"ಇನ್ನೂ ಹೊಳಿ ದಾಟಿದ ಸುದ್ದಿ ಬಂದಿಲ್ರಿ ಸಾಹೇಬ್ರ" ಎಂದಳು ಆಕೆ.

"ಯಾರು ದಾಟಬೇಕು?"

"ಹೊಂಟವ್ರು. ಸಣ್ಣ ಕೂಸ ಐತ್ರಿ ಅವರ ಸಂಗಾಟ."

ತಾವು ನನ್ನ ಕಡೆ ತಿರುಗಿದಿರಿ. "ಏನಿದು ಹುಚ್ಚು? ನೀನೇನು ಮಾಡ್ತಿದ್ದೆ ಇಲ್ಲಿ?" ಎಂದಿರಿ. ನಾನು ಕೈಕಟ್ಟಿ ನಿಂತು ಹೇಳಿದೆ: "ಎರಡ ಸಲಾ ಹೇಳೇನ್ರಿ ಸಾಹೇಬ್ರ, ಕಸಾ ಹೊಡಿ ಅಂತ. ಆಕಿ ನನ್ನ ಮಾತ ಕೇಳಲಿಲ್ರಿ."

ಇದೇ ನನ್ನ ಪಾಲು. ಆ ಮಾತು ಸುಳ್ಳು. ಎರಡು ಸಲವಲ್ಲ, ಒಂದು ಸಲವೂ ನಾನು ಹೇಳಿರಲಿಲ್ಲ. ತಮ್ಮ ಮೋಟಾರು ಬಂದಾಗ ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತು, ಬಸ್ಸು ಯಾಕೆ ಬರಲಿಲ್ಲವೆಂದು ರಸ್ತೆಯನ್ನೇ ನೋಡುತ್ತಿದ್ದೆ. ಆ ಕೂಸಿಗೆ ಎರಡು ದಿನ ಹಾಲು ಕಾಸಿ ಕೊಟ್ಟವನು ನಾನು. ನನಗೂ ಅಂಜಿಕೆಯಿತ್ತು. ಆದರೆ ಹೊಳೆಯ ಅಂಜಿಕೆಗಿಂತ ತಮ್ಮ ಅಂಜಿಕೆ ಹತ್ತಿರದಲ್ಲಿತ್ತು. ನೌಕರಿ ಮುಗಿಯಲು ನನಗೆ ಎರಡು ವರ್ಷ ಉಳಿದಿತ್ತು. ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ತಿಪ್ಪವ್ವ ನನ್ನ ಕಡೆ ನೋಡಲಿಲ್ಲ. ತಾವು ಪುಸ್ತಕ ತರಿಸಿ ಇಂಗ್ಲಿಷಿನಲ್ಲಿ ಶರಾ ಬರೆದಿರಿ. ಕಸದಾಕೆ ಮೈಗಳ್ಳಿ, ಮೂಢನಂಬಿಕೆಯವಳು, ಮೇಲಿನವರು ಹೇಳಿದರೂ ಕೇಳದವಳು, ತೆಗೆಯತಕ್ಕದ್ದು. ಅರ್ಧ ನಾನು ಅಕ್ಷರ ಕೂಡಿಸಿ ಓದಿದೆ, ಅರ್ಧ ತಮ್ಮ ಡ್ರೈವರ್ ಬಿಡಿಸಿ ಹೇಳಿದ. ಮೂರರಲ್ಲಿ ಮೊದಲಿನ ಎರಡು ತಮ್ಮವು. ಮೂರನೆಯದು ನಾನು ಕೊಟ್ಟದ್ದು. ಹುಕುಮು ಟೈಪಾಗಿ ಬಂದಾಗ ನೋಡಿದರೆ, ಆಕೆಯನ್ನು ತೆಗೆಯಲು ಕೊಟ್ಟ ಕಾರಣ ಆ ಮೂರನೆಯದೇ.

ತಾವು ಬರೆದು ಮುಗಿಸಿದ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಹೊಳೆಯಲ್ಲಿ ನೀರು ಹೆಚ್ಚಿ ಒಂದು ತಾಸು ಎರಡೂ ದಂಡೆಯ ಗಾಡಿಗಳು ನಿಂತಿದ್ದವಂತೆ, ನೀರು ಇಳಿದ ಮೇಲೆ ಜೀಪು ದಾಟಿತಂತೆ. ಗೊಲ್ಲಾಳಪ್ಪ ಎಂದಿನಂತೆ ತಲೆ ಹೊರಗೆ ಹಾಕಿ, "ದಾಟ್ಯಾರ ಬೇ, ಕೂಸ ಆರಾಮ ಮಲಗಿತ್ತ" ಎಂದ. ತಿಪ್ಪವ್ವ ಎದ್ದು ಒಳಗೆ ಹೋಗಿ ಕಸ ಹೊಡೆದಳು. ಕೆಲಸ ಹೋಯಿತೆಂದು ನಾನು ಆಗಲೇ ಆಕೆಗೆ ಹೇಳಿದ್ದೆ. ಆದರೂ ಮಂಚದ ಕೆಳಗೂ ಬಗ್ಗಿ ಹೊಡೆದಳು.

ಇನ್ನು ಮೂಢನಂಬಿಕೆಯ ಮಾತು. ಅಂದು ಮಧ್ಯಾಹ್ನ ಮೂರಕ್ಕೆ ತಮ್ಮ ಪೆಟ್ಟಿಗೆ ಮೋಟಾರಿನಲ್ಲಿತ್ತು. ತಾವು ಮಾತ್ರ ನಾಲ್ಕೂವರೆಯವರೆಗೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತಿರಿ. ಯಾಕೆಂದು ಡ್ರೈವರನನ್ನು ಕೇಳಿದರೆ, ಮಂಗಳವಾರ, ರಾಹುಕಾಲ ಎಂದ. ನಾನು ಎರಡು ಸಲ ಚಹಾ ತಂದುಕೊಟ್ಟೆ. ನಾನು ಆಗ ನಗಲಿಲ್ಲ, ಈಗಲೂ ನಗುತ್ತಿಲ್ಲ. ಮನೆಯಿಂದ ದೂರ ಇದ್ದವನಿಗೆ ಹಾದಿಯ ಅಂಜಿಕೆ ಇದ್ದೇ ಇರುತ್ತದೆ, ದೊಡ್ಡ ಹುದ್ದೆಯವನಿಗೂ ಇರುತ್ತದೆ. ತಮ್ಮದು ಒಂದೂವರೆ ತಾಸು, ಆಕೆಯದು ಒಂದೂಮುಕ್ಕಾಲು ತಾಸು. ತಾವು ಕುಳಿತದ್ದು ತಮ್ಮ ಜೀವಕ್ಕಾಗಿ, ಆಕೆ ಕುಳಿತದ್ದು ಪರರ ಕೂಸಿಗಾಗಿ. ಹದಿನೈದು ನಿಮಿಷದ ಈ ವ್ಯತ್ಯಾಸದಲ್ಲಿಯೇ ವಿಜ್ಞಾನ ಅಡಗಿದೆಯೇ? ತಮ್ಮ ಒಂದೂವರೆ ತಾಸಿಗೆ ಶರಾ ಬರೆಯುವ ಪುಸ್ತಕ ಯಾವ ಬಂಗಲೆಯಲ್ಲಿ ಇಟ್ಟಿದ್ದಾರೆ? ಇಲ್ಲಿಯ ಪುಸ್ತಕದಲ್ಲಿ ತಾವು ಹೊರಟ ವೇಳೆಯನ್ನು ನಾಲ್ಕು ಮೂವತ್ತೆರಡು ಎಂದು ಬರೆದು ಸಹಿ ಮಾಡಿದ್ದೀರಿ, ಕಾರಣದ ಕಾಲಮಿನಲ್ಲಿ ಏನೂ ಇಲ್ಲ.

ತಾವು ಹೋದ ಮೇಲೆ ಏನಾಯಿತೆಂದು ತಮಗೆ ಯಾರೂ ಹೇಳಿರಲಾರರು. ತಮ್ಮ ಮೋಟಾರು ವಿಜಾಪುರದ ಕಡೆ ಹೋಯಿತು. ತಿಪ್ಪವ್ವ ಕಸಬರಿಗೆ ತೆಗೆದುಕೊಂಡು ಬಂದು ಮೆಟ್ಟಿಲ ಮೇಲೆ ಕುಳಿತಳು. ನನಗೆ ತಡೆಯಲಾಗಲಿಲ್ಲ. "ಯಕ್ಕಾ, ನಿನ್ನ ಅನ್ನಾ ಕಸಗೊಂಡ ಹೋದಾವ ಅಂವಾ. ಅವಂಗೂ ಕಾಯ್ತೀ?" ಎಂದೆ. ತಮ್ಮನ್ನು ಏಕವಚನದಲ್ಲಿ ಕರೆದದ್ದಕ್ಕೆ ಕ್ಷಮೆ ಇರಲಿ, ಆಡಿದ್ದನ್ನು ಆಡಿದಂತೆ ಬರೆಯುತ್ತಿದ್ದೇನೆ. ಆಕೆ, "ಹೊಳಿಗೇನ ಗೊತ್ತ ತಮ್ಮಾ, ಯಾರ ಎಂಥಾವ್ರು ಅಂತ" ಎಂದಳು.

ಸಂಜೆಯ ಬಸ್ಸು ತಡವಾಯಿತು. ಹೊತ್ತು ಮುಳುಗಿತು. ದೀಪ ಹಚ್ಚಿದ ಮೇಲೂ ನಮ್ಮಲ್ಲಿ ಕಸ ಹೊಡೆಯುವುದಿಲ್ಲ. ನಾನು ಕಂದೀಲು ಹಚ್ಚಲು ಕಡ್ಡಿ ಗೀರಿದೆ. "ಹಚ್ಚಬ್ಯಾಡ, ಒಂದೀಟು ತಡಿ" ಎಂದು ಬೇಡಿಕೊಂಡಳು. ಬಸ್ಸು ಬಂದಾಗ ಒಬ್ಬರ ಮುಖ ಒಬ್ಬರಿಗೆ ಕಾಣುವುದು ಕಷ್ಟವಾಗಿತ್ತು. ಸಾಹೇಬರ ಮೋಟಾರು ದಾಟಿತೆಂದು ಗೊಲ್ಲಾಳಪ್ಪ ಹೇಳಿದ. ಆಕೆ ಆ ಮಬ್ಬಿನಲ್ಲಿ ಕೈಯಿಂದ ನೆಲ ಸವರಿ ಸವರಿ ತಮ್ಮ ಕೋಣೆಯ ಕಸ ಹೊಡೆದಳು. ಆಮೇಲೆ ನಾನು ದೀಪ ಹಚ್ಚಿದೆ. ತಾವು ಮೂಢನಂಬಿಕೆ ಎಂದು ಬರೆದದ್ದರ ಒಳಗೆ ಇದ್ದದ್ದು ಇಷ್ಟು. ನನಗೆ ಇಂಗ್ಲಿಷು ಬಾರದು, ಇದಕ್ಕೆ ಬೇರೆ ಶಬ್ದ ಇದ್ದರೆ ತಾವೇ ಹುಡುಕಬೇಕು.

ಈಗ ತಮ್ಮ ಹೊಸ ಸುತ್ತೋಲೆ ಬಂದು ಗೋಡೆಗೆ ಅಂಟಿದೆ. ಅತಿಥಿ ಹೊರಟ ಹದಿನೈದು ನಿಮಿಷದೊಳಗೆ ಕೋಣೆಯನ್ನು ಗುಡಿಸಿ ತೊಳೆಯತಕ್ಕದ್ದು. ಅಂದರೆ ಬದುಕಿರುವ ಪ್ರತಿಯೊಬ್ಬ ಅಧಿಕಾರಿಯನ್ನೂ, ನಾವು ಆ ಮೋಜಣಿದಾರನನ್ನು ಕಳಿಸಿದ ಹಾಗೆ ಕಳಿಸಬೇಕು. ಸುತ್ತೋಲೆಯ ಕೆಳಗೆ ತಮ್ಮ ಸಹಿ ಇದೆ. ನಮಗೇನು, ಹೇಳಿದರೆ ಮಾಡುತ್ತೇವೆ. ತಮ್ಮ ಮನೆಯವರಿಗೆ ಒಮ್ಮೆ ಅದನ್ನು ಓದಿ ತೋರಿಸಿರಿ ಎಂದಷ್ಟೇ ವಿನಂತಿ.

ತಿಪ್ಪವ್ವ ಈಗ ಹಗಲು ಸಾರವಾಡದ ಹೊಲಗಳಲ್ಲಿ ಬೆಳೆಯ ನಡುವಿನ ಕಸ ತೆಗೆಯಲು ಹೋಗುತ್ತಾಳೆ, ಐವತ್ತಾರರ ವಯಸ್ಸಿನಲ್ಲಿ, ಚಾಚದ ಬೆರಳಿನಿಂದ. ಸಂಜೆ ಖೋಲಿಗೆ ಬರುತ್ತಾಳೆ. ಪತ್ರಿಕೆಗೆ ಬರೆಯುತ್ತೇನೆಂದು ಹೇಳಲು ಮೊನ್ನೆ ಹೋಗಿದ್ದೆ. ರೊಟ್ಟಿ ಬಡಿಯುತ್ತಿದ್ದಳು.

"ಬರೀಬ್ಯಾಡ ತಮ್ಮಾ. ಎರಡ ವರ್ಷ ಉಳದೈತಿ ನಿಂದು. ಸುಮ್ನ ಮುಗಿಸ್ಕೊ" ಎಂದಳು.

"ನಾ ಸುಳ್ಳ ಹೇಳೇನಿ ಯಕ್ಕಾ ಅವತ್ತ" ಎಂದೆ.

"ಗೊತ್ತೈತಿ. ನಾ ಅಲ್ಲೇ ಇದ್ನೆಲ್ಲಾ. ಅಂಜಿದ್ದಿ ನೀ." ರೊಟ್ಟಿಯನ್ನು ಹಂಚಿಗೆ ಹಾಕಿ, "ಉಣ್ಣು ಬಾ, ಬಿಸಿ ಐತಿ" ಎಂದಳು.

ನಾನು ಉಂಡೆ. ಆಕೆ ಒಂದು ಬೈಗುಳವನ್ನಾದರೂ ಬೈದಿದ್ದರೆ ನಾನು ಬಹುಶಃ ಸುಮ್ಮನೆ ಇದ್ದುಬಿಡುತ್ತಿದ್ದೆ, ಮತ್ತು ತಮಗೆ ಈ ಪತ್ರದ ತೊಂದರೆ ಇರುತ್ತಿರಲಿಲ್ಲ.

ಆದುದರಿಂದ ನನ್ನ ಬೇಡಿಕೆ. ತಿಪ್ಪವ್ವನ ಹುಕುಮನ್ನು ಮೂವತ್ತರ ಮೊದಲು ರದ್ದು ಮಾಡಿರಿ. ಹೇಳಿದರೂ ಕೇಳದವಳು ಎಂಬ ಮಾತು ನನ್ನ ಸುಳ್ಳಿನಿಂದ ಹುಟ್ಟಿದ್ದು, ಅದನ್ನು ಪುಸ್ತಕದಿಂದ ಹೊಡೆದು ಹಾಕಿ, ಅದೇ ಜಾಗದಲ್ಲಿ ಖಾನಸಾಮಾ ಸುಳ್ಳುಗಾರ ಎಂದು ಬರೆಯಿರಿ. ಇಂಗ್ಲಿಷಿನಲ್ಲಿಯೇ ಬರೆಯಿರಿ, ಬಿಡಿಸಿ ಓದಿಕೊಳ್ಳುತ್ತೇನೆ. ಯಾರನ್ನಾದರೂ ತೆಗೆಯಲೇಬೇಕಾದರೆ ನನ್ನನ್ನು ತೆಗೆಯಿರಿ. ನನಗೆ ಇಬ್ರಾಹಿಂಪುರದಲ್ಲಿ ಹೋಗಿ ಇರಲು ಮನೆಯಿದೆ.

ಮತ್ತು ಒಂದು ಮಾತು. ಹುಕುಮಿನ ಕೊನೆಯ ಸಾಲಿನಂತೆ, ಮೂವತ್ತರಂದು ತಿಪ್ಪವ್ವ ಖೋಲಿ ಬಿಟ್ಟ ಕೂಡಲೇ ಅದನ್ನು ಗುಡಿಸಿ ತೊಳೆಸಿ, ಅದೇ ದಿನ ಕೀಲಿಕೈಯನ್ನು ಕಚೇರಿಗೆ ಮುಟ್ಟಿಸುವ ಜವಾಬುದಾರಿ ನನ್ನದು. ಬೇರೆ ಕಸದಾಕೆ ಇನ್ನೂ ಬಂದಿಲ್ಲ, ಹೀಗಾಗಿ ಕಸಬರಿಗೆ ಹಿಡಿಯಬೇಕಾದ ಕೈ ನನ್ನದೇ. ಅದು ನನ್ನಿಂದ ಆಗುವುದಿಲ್ಲವೆಂದು ಈ ಮೂಲಕ ಲಿಖಿತವಾಗಿ ತಿಳಿಸುತ್ತಿದ್ದೇನೆ. ಆಕೆ ಮುಟ್ಟಿದ ಸುದ್ದಿ ಬರಲಿ, ಆಮೇಲೆ ಗುಡಿಸುತ್ತೇನೆ. ಗಂಡ ಇಲ್ಲ, ಮಕ್ಕಳಿಲ್ಲ, ಕಾಖಂಡಕಿಯ ತವರು ತೀರಿಕೊಂಡ ಅಣ್ಣನ ಸಂಗಡವೇ ಮುಗಿದಿದೆ. ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ "ನೋಡೂಣು" ಎನ್ನುತ್ತಾಳೆ. ಎಲ್ಲಿ ಮುಟ್ಟಿದಳೆಂದು ನಾನು ಯಾವ ಬಸ್ಸಿನ ಕಂಡಕ್ಟರನನ್ನು ಕೇಳಲಿ? ತಮಗೆ ಗೊತ್ತಿದ್ದರೆ ಹೇಳಿರಿ, ಅಲ್ಲಿಯವರೆಗೆ ಆ ಖೋಲಿಯ ಕಸ ಹಾಗೆಯೇ ಇರುತ್ತದೆ.

ಇಂತಿ,
ಹೇಳದ್ದನ್ನು ಹೇಳಿದೆನೆಂದು ಹೇಳಿದ
ಫಕ್ರುದ್ದೀನ,
ಖಾನಸಾಮಾ (ಈ ಪತ್ರ ಅಚ್ಚಾಗುವ ದಿನದವರೆಗೆ)
೨೦ ಸಪ್ಟಂಬರ್ ೧೯೬೪